ಕಡಾಣಿಯೂ ಬೋಲ್ಟೂ: ಯಲಹಂಕದ ಗಾಲಿಯನ್ನು ಕುರಿತು ಒಂದು ವಿಚಾರ

ಯಲಹಂಕವೆಂದೊಡನೆ ನಮ್ಮ ಚರಿತ್ರಕಾರರ ಮನಸ್ಸು ನಾಡಪ್ರಭುಗಳ ಕಡೆಗೆ ಹರಿಯುವುದು ಸಹಜವಾಗಿದೆ. 1537ರಲ್ಲಿ ಬೆಂಗಳೂರು ಪೇಟೆಯನ್ನು ಕಟ್ಟಿಸಿದ ಕೆಂಪೇಗೌಡರು ಯಲಹಂಕ ನಾಡಿನ ಪ್ರಭುಗಳೆಂದೇ ಪ್ರಸಿದ್ಧರು. ಪೇಟೆಯ ಉತ್ತರದ ಬಾಗಿಲಿಗೂ ಯಲಹಂಕದ ಹೆಸರೇ ಸಂದಿತ್ತು. ಆ ಬಾಗಿಲನ್ನು ದಾಟಿ ಹೋಗುತ್ತಿದ್ದುದು ಬಂಡಿಯ ದಾರಿ. 1890ರ ದಶಕದ ಮೊದಲಲ್ಲಿ ಯಶವಂತಪುರದಿಂದ ಯಲಹಂಕದ ಮೇಲೆ ಹಿಂದೂಪುರದ ಕಡೆಗೆ ಮೀಟರ್‌ಗೇಜಿನ ರೈಲುದಾರಿಯೂ, 1915ರಲ್ಲಿ ಚಿಕ್ಕಬಳ್ಳಾಪುರದ ಕಡೆಗೆ ಎರಡೂವರೆ ಅಡಿ ಅಗಲದ ಕಿರುದಾರಿಯೂ ಆದುವು. ಈಗ ಆ ಎರಡು ಅಗಲಗಳೂ ಹೋಗಿ ಬ್ರಾಡ್‌ಗೇಜ್ ಒಂದೇ ಉಳಿದಿರುವುದು. 1984ರಿಂದ ಇದೇ ಊರಿನಲ್ಲಿ ರೈಲ್ವೆಯ ಗಾಲಿಗಳೂ ಅಚ್ಚುಗಳೂ ತಯಾರಾಗುತ್ತಿವೆ. ಬಂಡಿಯ ಗಾಲಿ, ರೈಲಿನ ಗಾಲಿ ಇವೆರಡನ್ನೂ ಒಂದೇ ಊರಿನಲ್ಲಿ ಕಂಡವರಿಗೆ ಒಂದು ಪ್ರಶ್ನೆ ಏಳಬೇಕು: ಗಾಲಿಯು ಅಚ್ಚಿನಿಂದ ಕಳಚಿಹೋಗದಂತೆ ಹಿಂದಿನವರು ಮಾಡಿದ ಉಪಾಯವನ್ನೇ ಇಂದಿನವರೂ ಉಕ್ಕಿನಲ್ಲಿ ಮಾಡುತ್ತಿರುವರೆ? ಅಥವಾ ತತ್ತ್ವವೇ ಬೇರೆಯೆ?

ಈ ಪ್ರಶ್ನೆ ಯಂತ್ರಶಾಸ್ತ್ರದ್ದೆಂದು ಸಾಹಿತ್ಯೋಪಾಧ್ಯಾಯರು ಬಿಟ್ಟುಬಿಡುವಂತಿಲ್ಲ. ಇದರಲ್ಲಿ ಪದದ ಗೊಂದಲವೂ ಇದೆ. ಬೋಲ್ಟು ಎಂಬ ಇಂಗ್ಲಿಷ್ ಮಾತಿಗೆ ಅಗುಳಿ, ಚಿಲಕ ಎಂಬ ಅರ್ಥವನ್ನು ಕೊಡುವುದು ವಾಡಿಕೆ. ಯಂತ್ರದ ಬೋಲ್ಟನ್ನು ಹೇಳಬೇಕಾದಾಗ ಕೀಲು, ಆಣಿ, ತಿರುಪುಮೊಳೆ ಎನ್ನುವರು. ಅಗುಳಿ, ಕೀಲು, ಆಣಿ ಈ ಮೂರರಲ್ಲಿಯೂ ಇರುವ ಭಾವವೊಂದೇ. ಅಡ್ಡ ನಿಂತು ತಡೆಯುವುದು. ಬಾಗಿಲನ್ನು ನೂಕಿದಾಗಲೇ ಅಗುಳಿಗೆ ಕೆಲಸ. ನೂಕದಿರುವಾಗ ಅದು ಸುಮ್ಮನೆ ಕುಳಿತಿರುವುದು. ಯಂತ್ರದ ಬೋಲ್ಟಾದರೋ ಹಾಗೆ ಸುಮ್ಮನೆ ಕುಳಿತಿತೆಂದರೆ ಕೆಟ್ಟಿತೆಂದೇ ಅರ್ಥ. ಈ ಭೇದವನ್ನು ನಮ್ಮ ಮಾತುಗಳು ಮುಚ್ಚಿಬಿಟ್ಟಿವೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಕಡಾಣಿಯ ವಿಚಾರ. ಬಂಡಿಯ ಅಚ್ಚಿನ ಕಡೆಯಲ್ಲಿ ತೂತಿಗೆ ಇಳಿಬಿಡುವ ಆಣಿಯೇ ಕಡಾಣಿ; ತಮಿಳಿನ ‘ಕಡೈಯಾಣಿ’ಯೊಡನೆ ಹೋಲಿಸಿದರೆ ಕಡೆಯ ಆಣಿ ಎಂಬ ವ್ಯುತ್ಪತ್ತಿ ಸ್ಪಷ್ಟವಾಗುವುದು. ಆಣಿಯೆಂಬ ಪದ ಬಹು ಹಳೆಯದು. ಋಗ್ವೇದದ ಮೊದಲ ಮಂಡಲದ ಸವಿತೃಸೂಕ್ತವೊಂದರಲ್ಲಿ ರಥದ ಆಣಿ ಉಪಮಾನವಾಗಿ ಬಂದಿದೆ. ತಿರುಕ್ಕುರಳಿನಲ್ಲಿ, ಗಾತ್ರದಲ್ಲಿ ಸಣ್ಣವರೆಂದು ಯಾರನ್ನೂ ಹಳಿಯಬಾರದೆಂಬುದಕ್ಕೆ ದೊಡ್ಡ ತೇರಿನ ಅಚ್ಚಾಣಿಯೇ ನಿದರ್ಶನ. ಯುದ್ಧದಲ್ಲಿ ಕಡಾಣಿ ಕಳಚಿದಾಗ ಕೈಕೇಯಿ ತನ್ನ ಬೆರಳನ್ನೇ ಇಟ್ಟು ದಶರಥನ ರಥವನ್ನು ಉಳಿಸಿದಳೆಂಬ ಕಥೆ ವಾಲ್ಮೀಕಿರಾಮಾಯಣದಲ್ಲಿ ಇಲ್ಲ. ಆದರೂ ಅದನ್ನು ಕೇಳದ ಮನೆ ನಮ್ಮಲ್ಲಿ ಅಪರೂಪ. ಆ ಕಥೆ ಹುಟ್ಟಿದುದೂ ಬಾಳಿದುದೂ ಕಡಾಣಿಯ ಸ್ವಭಾವದಿಂದಲೇ. ಕಡಾಣಿಗೂ ಗಾಲಿಗೂ ನಡುವೆ ಸಡಿಲವಿರಲೇಬೇಕು, ಇಲ್ಲದಿದ್ದರೆ ಗಾಲಿ ತಿರುಗದು. ಗಾಲಿ ಹೊರಕ್ಕೆ ಸರಿದು ಬಂದು ತಾಕಿದ ಕ್ಷಣದಲ್ಲಿ ಮಾತ್ರ ಅದರ ಮೇಲೆ ಭಾರ. ಹಾಗಾದುದರಿಂದಲೇ ಬೆರಳೊಂದು ಅದರ ಸ್ಥಾನದಲ್ಲಿ ನಿಂತೀತೆಂದು ಕಥೆಗಾರನು ಧೈರ್ಯವಾಗಿ ಹೇಳಬಲ್ಲನು. ಬೋಲ್ಟಿನ ಸ್ಥಾನದಲ್ಲಿ ಬೆರಳಿಡುವ ಕಥೆಯನ್ನು ಯಾವ ಪುರಾಣಿಕನೂ ಕಟ್ಟಲಾರನು.

ಆದರೆ ಅದೇ ಬಂಡಿಯ ಗಾಲಿಯಲ್ಲಿ ಇನ್ನೊಂದು ಕೂಡಿಕೆ ಇದೆ. ಬೋಲ್ಟಿನ ಪೂರ್ವಜನನ್ನು ಹುಡುಕಬೇಕಾದುದು ಅಲ್ಲಿ. ನಾಭಿ, ಅರ, ನೇಮಿ ಎಂದು ಕಾವ್ಯಗಳಲ್ಲಿ ನಾವು ಓದುವ ಮರದ ಅಂಗಗಳೆಲ್ಲವನ್ನೂ ಬಡಗಿಯು ಜೋಡಿಸಿದ ಮೇಲೆ, ಗಾಲಿಯ ಸುತ್ತಳತೆಗಿಂತ ತುಸು ಕಡಮೆಯಾಗುವಂತೆ ಕಮ್ಮಾರನು ಕಬ್ಬಿಣದ ಪಟ್ಟೆಯ ಬಳೆಯನ್ನು ಮಾಡುವನು. ತಣ್ಣಗಿರುವಾಗ ಆ ಬಳೆ ಗಾಲಿಗೆ ಏರದು. ಬೆರಣಿಯ ಬೆಂಕಿಯಲ್ಲಿ ಕೆಂಪಾಗಿ ಕಾದಾಗ ಹಿಗ್ಗುವುದು. ಇಕ್ಕಳಗಳಿಂದ ಹಿಡಿದು ಗಾಲಿಯ ಮೇಲೆ ಕೂರಿಸಿ ಕೂಡಲೆ ನೀರು ಹೊಯ್ಯುವರು. ಮರ ಹೊಗೆಯಾಡುತ್ತದೆ, ಸಂದುಗಳು ಕಿರುಗುಟ್ಟಿ ಒಂದರೊಳಗೊಂದು ಸೇರುತ್ತವೆ. ಕಬ್ಬಿಣವು ಮೊದಲಿನ ಅಳತೆಗೆ ಕುಗ್ಗಲು ಬಯಸುವುದು, ಮರವು ಬಿಡದು. ಆದಕಾರಣ ಬಳೆಯು ಆ ಹೊತ್ತಿನಿಂದ ಎಳೆತಕ್ಕೆ ಒಳಗಾಗಿಯೇ ಬಾಳುವುದು, ಮರವು ಒತ್ತಡಕ್ಕೆ ಒಳಗಾಗಿಯೇ ಬಾಳುವುದು. ಬಂಡಿ ನಿಂತಿರಲಿ, ಓಡಲಿ, ಈ ಬಿಗಿ ಹಗಲಿರುಳೂ ಇರುವುದು. ಬೇಸಗೆಯಲ್ಲಿ ಮರ ಒಣಗಿ ಕುಗ್ಗಿದರೆ ಪಟ್ಟೆ ಸಡಿಲವಾಗುವುದು. ಗಾಲಿಯನ್ನು ಕೆರೆಯ ನೀರಿನಲ್ಲಿ ನೆನೆಹಾಕುವ ಪದ್ಧತಿ ಇದ್ದುದು ಮರವನ್ನು ಉಬ್ಬಿಸಿ ಆ ಎಳೆತವನ್ನು ಮರಳಿ ಪಡೆಯುವುದಕ್ಕಾಗಿ. ಎಳೆದ ಲೋಹವು ಬಿಗಿಯುತ್ತದೆ, ಎಳೆತ ಹೋದರೆ ಬಿಗಿಯೂ ಹೋಗುತ್ತದೆ ಎಂಬ ತತ್ತ್ವವನ್ನು ನಮ್ಮ ಕಮ್ಮಾರರು ಸೂತ್ರವಾಗಿ ಹೇಳಲಿಲ್ಲವೇ ಹೊರತು ಕೈಯಲ್ಲಿ ಅರಿತಿದ್ದರು.

ಬೆಂಕಿಯಿಲ್ಲದೆ ಅದೇ ಎಳೆತವನ್ನು ತರುವ ಸಾಧನವೇ ಸುತ್ತುಗೆರೆ, ಕಾರ್ಖಾನೆಯವರ ಮಾತಿನಲ್ಲಿ ಥ್ರೆಡ್ಡು. ತಿರುಪು ನಮಗೆ ಹೊಸದಲ್ಲ. ಹೆಂಗಸರ ಓಲೆಯ ಹಿಂದಿನ ಗುಬ್ಬಿಗೆ ಕನ್ನಡಿಗರು ಹೇಳುವ ಹೆಸರೇ ತಿರುಪು. ಹತ್ತಿಯಿಂದ ಬೀಜವನ್ನು ಬೇರ್ಪಡಿಸುವ ನಮ್ಮ ದೇಶದ ಹಳೆಯ ಮರದ ರಾಟೆಗಳಲ್ಲಿ ಎರಡು ಉರುಳೆಗಳನ್ನು ತಿರುಗಿಸುತ್ತಿದ್ದುದು ಸುರುಳಿಯ ಹಲ್ಲೇ. ಆದರೆ ಒಬ್ಬನು ಮಾಡಿದ ಬೋಲ್ಟಿಗೆ ಮತ್ತೊಬ್ಬನು ಮಾಡಿದ ನಟ್ಟು ಸೇರಬೇಕಾದರೆ ಗೆರೆಗಳು ಒಂದೇ ಅಳತೆಯವಾಗಬೇಕು. ಅದಕ್ಕೆ 1800ರ ಸುಮಾರಿನಲ್ಲಿ ಲಂಡನ್ನಿನ ಹೆನ್ರಿ ಮಾಡ್‌ಸ್ಲೆಯ ತಿರುಪುಕೊರೆಯುವ ಲೇತು ಬರಬೇಕಾಯಿತು. ಅವನ ಬಳಿ ಕೆಲಸ ಕಲಿತ ಜೋಸೆಫ್ ವಿಟ್‌ವರ್ತನು 1841ರಲ್ಲಿ 55 ಡಿಗ್ರಿ ಕೋನದ ಒಂದೇ ಮಾದರಿಯನ್ನು ಇಂಗ್ಲೆಂಡಿಗೆ ಸೂಚಿಸಿದನು. 1864ರಲ್ಲಿ ಫಿಲಡೆಲ್ಫಿಯದ ವಿಲಿಯಂ ಸೆಲ್ಲರ್ಸನು 60 ಡಿಗ್ರಿಯ ಬೇರೊಂದನ್ನು ಅಮೆರಿಕಕ್ಕೆ ಕೊಟ್ಟನು. ಅರ್ಧ ಅಂಗುಲದ ಬೋಲ್ಟಿನಲ್ಲಿ ಅಂಗುಲಕ್ಕೆ ಅಲ್ಲಿ 12 ಗೆರೆ, ಇಲ್ಲಿ 13. ಒಂದು ಗೆರೆಯ ಈ ವ್ಯತ್ಯಾಸದಿಂದ ಒಬ್ಬರ ನಟ್ಟು ಇನ್ನೊಬ್ಬರ ಬೋಲ್ಟಿಗೆ ಏರದೆ, ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳು ಪಟ್ಟ ಪಾಡು ಅಷ್ಟಿಷ್ಟಲ್ಲ. 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಗಳು 60 ಡಿಗ್ರಿಗೆ ಒಪ್ಪಿದುವು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕನ್ ಸಂಸ್ಥೆಯ ಸಹಕಾರದಿಂದ ಯಶವಂತಪುರದಾಚೆಯ ಜಾಲಹಳ್ಳಿಯಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸ್ಥಾಪಿತವಾದಾಗ ಮಾಡ್‌ಸ್ಲೆಯ ಲೇತಿನ ಸಂತತಿ ಉತ್ತರ ಬೆಂಗಳೂರಿನಲ್ಲಿಯೇ ಹುಟ್ಟತೊಡಗಿತು. 1956ರ ಅಳತೆತೂಕಗಳ ಶಾಸನವು ದೇಶವನ್ನು ಮೆಟ್ರಿಕ್ ಪದ್ಧತಿಗೆ ತಿರುಗಿಸಿತು.

ಇನ್ನು ಬೋಲ್ಟು ಮಾಡುವ ಕೆಲಸವೇನು? ಸ್ಪ್ಯಾನರಿನಿಂದ ನಟ್ಟನ್ನು ತಿರುಗಿಸಿದಂತೆಲ್ಲ ಬೋಲ್ಟಿನ ದಂಡವು ಎಳೆಯಲ್ಪಟ್ಟು ಕೂದಲೆಳೆಯಷ್ಟು ಉದ್ದವಾಗುವುದು. ಮರಳಿ ಕುಗ್ಗಲು ಬಯಸುವ ಆ ದಂಡವೇ ನಡುವಣ ಭಾಗಗಳನ್ನು ಅಮುಕಿ ಹಿಡಿಯುವುದು. 20 ಮಿಲಿಮೀಟರು ದಪ್ಪದ, 8.8 ಎಂಬ ದರ್ಜೆಯ ಬೋಲ್ಟನ್ನು ಅದು ತಾಳಬಲ್ಲುದರ ಮುಕ್ಕಾಲು ಪಾಲಿನವರೆಗೆ ಎಳೆದರೆ ಅದರ ಹಿಡಿತ ಸುಮಾರು 11 ಟನ್ನು. ಹಿಡಿತದ ಉದ್ದ 100 ಮಿಲಿಮೀಟರು ಇದ್ದರೆ ದಂಡವು ಹಿಗ್ಗುವುದು ಸುಮಾರು 0.22 ಮಿಲಿಮೀಟರು ಮಾತ್ರ. ಈ ಅಲ್ಪಮೊತ್ತವೇ ಕೂಡಿಕೆಯ ಮೂಲಧನ. ಬಣ್ಣದ ಪದರವೋ ತುಕ್ಕೋ ಒರಟು ಮೈಯೋ ನಡುವೆ ಇದ್ದು, ಗಾಡಿ ಓಡಾಡಿದ ಮೇಲೆ ಅದು 0.05 ಮಿಲಿಮೀಟರು ಕುಸಿದರೆ ಬಿಗಿಯಲ್ಲಿ ಐದನೆಯ ಒಂದು ಪಾಲಿನ ಹತ್ತಿರ ಹೋದಂತಾಯಿತು. ಹಿಡಿತದ ಉದ್ದ 25 ಮಿಲಿಮೀಟರು ಮಾತ್ರ ಇದ್ದರೆ ಅದೇ ಕುಸಿತಕ್ಕೆ ಬಹುಪಾಲು ಬಿಗಿ ಮಾಯವಾಗುವುದು. ಗಿಡ್ಡ ದಪ್ಪ ಬೋಲ್ಟಿಗಿಂತ ಉದ್ದನೆಯ ತೆಳು ಬೋಲ್ಟು ವಾಹನಗಳಲ್ಲಿ ಹೆಚ್ಚು ನಂಬಿಕೆಗೆ ಅರ್ಹವಾಗುವುದು ಈ ಲೆಕ್ಕದಿಂದ. ದಪ್ಪವಾದುದೇ ಗಟ್ಟಿ ಎಂಬ ಲೋಕರೂಢಿಗೆ ಇದು ವಿರುದ್ಧ. ಮೇಲಾಗಿ, ತಿರುಗಿಸಿದವನ ಶಕ್ತಿಯಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ಎಳೆತವಾಗುವುದು. ಅರ್ಧದಷ್ಟು ನಟ್ಟಿನ ಅಡಿಯ ಉಜ್ಜಿಗೂ, ಉಳಿದುದು ಗೆರೆಗಳ ಉಜ್ಜಿಗೂ ಸಲ್ಲುತ್ತದೆ. ಎಣ್ಣೆ ಹಚ್ಚಿದ ಬೋಲ್ಟು, ಹಚ್ಚದ ಬೋಲ್ಟು ಎರಡನ್ನೂ ಒಂದೇ ಬಲದಿಂದ ತಿರುಗಿಸಿದರೂ ಹಿಡಿತ ಒಂದೇ ಆಗದು. ಕೈಯ ಅಂದಾಜನ್ನು ನಂಬಿದ ಕುಶಲಿಗಳೂ ಇಲ್ಲಿ ಮೋಸಹೋಗುವರು.

ಬಿಗಿಯ ಇನ್ನೊಂದು ಫಲ ಮೇಲುನೋಟಕ್ಕೆ ವಿಚಿತ್ರವಾಗಿ ತೋರಬಹುದು. ಚೆನ್ನಾಗಿ ಎಳೆದ ಬೋಲ್ಟಿಗೆ ಗಾಡಿಯ ಕುಲುಕಾಟದ ಅಲ್ಪಾಂಶ ಮಾತ್ರ ತಾಕುವುದು. ಉಳಿದುದನ್ನು ಅಮುಕಿ ಹಿಡಿದ ಭಾಗಗಳೇ ನುಂಗಿಬಿಡುವುವು. ಸಡಿಲ ಬೋಲ್ಟಿಗಾದರೋ ಪ್ರತಿಯೊಂದು ಕುಲುಕೂ ಪೂರ್ತಿಯಾಗಿ ಬೀಳುವುದು. ಮತ್ತೆ ಮತ್ತೆ ಬೀಳುವ ಸಣ್ಣ ಪೆಟ್ಟಿನಿಂದ ಉಕ್ಕು ದಣಿದು ಮುರಿಯುವುದೆಂಬುದನ್ನು ಜರ್ಮನಿಯ ಆಗಸ್ಟ್ ವ್ಯೋಲರ್ ಎಂಬಾತನು 19ನೆಯ ಶತಮಾನದ ಉತ್ತರಾರ್ಧದಲ್ಲಿ ತೋರಿಸಿಕೊಟ್ಟುದು ರೈಲಿನ ಅಚ್ಚುಗಳ ಪರೀಕ್ಷೆಯಿಂದಲೇ. ಎಂದಮೇಲೆ ಹೆಚ್ಚು ಎಳೆದ ಬೋಲ್ಟೇ ಹೆಚ್ಚು ಕಾಲ ಬಾಳುವುದು.

ಹಾಗಾದರೆ ಬಿಗಿದ ನಟ್ಟು ತಾನಾಗಿ ಸಡಿಲವಾಗುವುದೇಕೆ? ಮೇಲೆ ಹೇಳಿದ 20 ಮಿಲಿಮೀಟರಿನ ಬೋಲ್ಟಿನಲ್ಲಿ ಗೆರೆಯ ಇಳಿಜಾರು ಎರಡೂವರೆ ಡಿಗ್ರಿ ಮಾತ್ರ. ಉಕ್ಕಿನ ಮೇಲೆ ಉಕ್ಕು ತಾನಾಗಿ ಜಾರಬೇಕಾದರೆ ಅದರ ಮೂರರಷ್ಟಾದರೂ ಇಳಿಜಾರು ಬೇಕು. ಲೆಕ್ಕದಂತೆ ನಟ್ಟು ಅಲುಗಲೇಬಾರದು. ಈ ಒಗಟನ್ನು ಬಿಡಿಸಿದವನು ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಶಿಲ್ಪಿ. ಅವನ ಪ್ರಬಂಧ ಪ್ರಕಟವಾದುದು 1969ರಲ್ಲಿ. ಓರೆಯಾದ ಹಲಗೆಯ ಮೇಲೆ ಒಂದು ಪೆಟ್ಟಿಗೆ ನಿಂತಿದೆಯೆಂದು ಭಾವಿಸೋಣ. ಅದನ್ನು ಕೆಳಕ್ಕೆ ನೂಕದೆ ಬರಿದೆ ಪಕ್ಕಕ್ಕೆ ಸರಿಸಿದರೂ ಸರಿಯುವಾಗ ಅದು ತುಸು ಕೆಳಕ್ಕೂ ಇಳಿಯುವುದು. ಉಜ್ಜಿನ ಶಕ್ತಿಯೆಲ್ಲ ಪಕ್ಕದ ಚಲನೆಯನ್ನು ತಡೆಯುವುದರಲ್ಲಿಯೇ ವ್ಯಯವಾಗಿರುವುದು. ಹಾಗೆಯೇ, ಬೋಲ್ಟಿಗೆ ಅಡ್ಡಲಾಗಿ ಭಾಗಗಳು ಹಿಂದೆಮುಂದೆ ಜಾರತೊಡಗಿದರೆ ನಟ್ಟು ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಬಿಚ್ಚಿಕೊಳ್ಳುವುದು. ಆದುದರಿಂದ ಮದ್ದು ನಟ್ಟಿನಲ್ಲಿಲ್ಲ. ಭಾಗಗಳು ಜಾರದಷ್ಟು ಬಿಗಿ ಮೊದಲೇ ಇರುವುದರಲ್ಲಿದೆ. ಸುತ್ತಿನ ಚಲನೆಯಿಂದ ಬಿಚ್ಚುವ ಇನ್ನೊಂದು ಬಗೆಯೂ ಉಂಟು. ಸೈಕಲ್ಲಿನ ಎಡ ಪೆಡಲಿನ ಥ್ರೆಡ್ಡು ಎಡಸುತ್ತಿನದಾಗಿರುವುದು ಅದಕ್ಕಾಗಿ. ಸಂಶಯವಿದ್ದವರು ಯಾವ ಸೈಕಲ್ ಅಂಗಡಿಯಲ್ಲಾದರೂ ನೋಡಬಹುದು.

ಈಗ ಯಲಹಂಕಕ್ಕೆ ಮರಳೋಣ. ವ್ಹೀಲ್ ಅಂಡ್ ಆಕ್ಸಲ್ ಪ್ಲಾಂಟ್ ಎಂಬ ಹೆಸರಿನಿಂದ ಆರಂಭವಾಗಿ ಈಗ ರೈಲ್ ವ್ಹೀಲ್ ಫ್ಯಾಕ್ಟರಿಯೆನ್ನಿಸಿಕೊಂಡಿರುವ ಕಾರ್ಖಾನೆಯಲ್ಲಿ ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಅಮೆರಿಕದ ಗ್ರಿಫಿನ್ ಸಂಸ್ಥೆಯ ವಿಧಾನದಂತೆ, ಗ್ರಾಫೈಟಿನ ಅಚ್ಚುಗಳಿಗೆ ಒತ್ತಡದಿಂದ ತುಂಬಿ ಗಾಲಿಯನ್ನು ಎರೆಯುವರು. ಅಚ್ಚನ್ನು ಬಡಿದು ರೂಪಿಸುವ ಯಂತ್ರ ಆಸ್ಟ್ರಿಯದ್ದು. ಗಾಲಿಗೂ ಅಚ್ಚಿಗೂ ನಡುವೆ ಕಡಾಣಿಯೂ ಇಲ್ಲ, ಬೋಲ್ಟೂ ಇಲ್ಲ. ಗಾಲಿಯ ತೂತಿಗಿಂತ ಅಚ್ಚಿನ ದಪ್ಪವನ್ನು ತುಸು ಹೆಚ್ಚಾಗಿಟ್ಟು, ಹಲವು ಹತ್ತು ಟನ್ನುಗಳ ಒತ್ತಡದಿಂದ ಒಂದರೊಳಗೊಂದನ್ನು ನೂಕುವರು. ಹಿಗ್ಗಿದ ನಾಭಿಯು ಅಚ್ಚನ್ನು ಹಿಸುಕಿ ಹಿಡಿದುಕೊಳ್ಳುವುದು. ಗಾಲಿಯೂ ಅಚ್ಚೂ ಕೂಡಿಯೇ ತಿರುಗುವುವು. ಇದು ಕಮ್ಮಾರನ ಪಟ್ಟೆಯ ತತ್ತ್ವವೇ. ಬೆಂಕಿಯ ಬದಲು ಒತ್ತುಯಂತ್ರ ಬಂದಿದೆ, ಹೊರಗಿನ ಬಳೆ ಒಳಗಿನ ನಾಭಿಗೆ ಬಂದಿದೆ.

ಕಡಾಣಿ ಇರುತ್ತಿದ್ದ ಜಾಗದಲ್ಲಿ, ಎಂದರೆ ಅಚ್ಚಿನ ಎರಡು ತುದಿಗಳಲ್ಲಿ, ಬೋಲ್ಟುಗಳಿವೆ. ಪ್ರತಿಯೊಂದು ತುದಿಯಲ್ಲಿಯೂ ಮೂರು ತೂತುಗಳನ್ನು ಕೊರೆದು ಒಳಗೆ ಥ್ರೆಡ್ಡು ಹಾಕುವರು. ಸರಕು ವ್ಯಾಗನ್ನುಗಳಲ್ಲಿ ಅಚ್ಚಿನ ತುದಿಗೆ ಏರಿಸುವ ರೋಲರ್ ಬೇರಿಂಗಿನ ಮೇಲೆ ಒಂದು ಮುಚ್ಚಳ, ಅದರ ಮೇಲೆ ತೆಳುವಾದ ಬೀಗದ ತಗಡು, ಅದರ ಮೂಲಕ ಮೂರು ಬೋಲ್ಟುಗಳು. ಅಳತೆಯ ಸ್ಪ್ಯಾನರಿನಿಂದ ಗೊತ್ತಾದಷ್ಟು ಬಿಗಿದ ಮೇಲೆ ತಗಡಿನ ಕಿವಿಗಳನ್ನು ಮಡಿಸಿ ಬೋಲ್ಟಿನ ತಲೆಗಳಿಗೆ ಒತ್ತಿ ನಿಲ್ಲಿಸುವರು. ಕಡಾಣಿಯೂ ಬೋಲ್ಟೂ ಒಂದೇ ಕಡೆ ನಿಂತು ತಮ್ಮ ಭೇದವನ್ನು ತೋರುವುದು ಇಲ್ಲಿಯೇ. ಮಡಿಸಿದ ಕಿವಿ ಕಡಾಣಿಯ ಜಾತಿಗೆ ಸೇರಿದುದು. ಬೋಲ್ಟು ತಿರುಗದಂತೆ ಅಡ್ಡ ನಿಂತು ತಡೆಯುವುದಷ್ಟೆ ಅದರಿಂದ ಸಾಧ್ಯ. ಮುಚ್ಚಳದ ಅಡಿಯಲ್ಲಿ ಒಂದು ಕಣ ಕಸ ಸಿಕ್ಕಿ ಆಮೇಲೆ ಪುಡಿಯಾಯಿತೆನ್ನಿ: ಬೋಲ್ಟು ತಿರುಗದು, ಕಿವಿ ಅಲುಗದು, ನೋಡುವ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಇರುವುದು, ಆದರೆ ಎಳೆತ ಹೋಗಿರುವುದು. ಎಳೆತ ಹೋದರೆ ಬೇರಿಂಗಿನ ಒಳಬಳೆಯು ಅಚ್ಚಿನ ಮೇಲೆ ಮೆಲ್ಲಗೆ ಜಾರಿ ಸುತ್ತತೊಡಗುವುದು. ಉಜ್ಜಿನಿಂದ ಕಾವು ಏರುವುದು. ಕಾವು ಮಿತಿಮೀರಿದರೆ ಅಚ್ಚಿನ ತುದಿಯೇ ಮೆತ್ತಗಾಗಿ ಮುರಿದು ವ್ಯಾಗನ್ನು ಹಳಿತಪ್ಪುವುದು. ನಿಲ್ದಾಣಗಳಲ್ಲಿ ಸಾಗುವ ಗಾಡಿಯ ಬೇರಿಂಗುಗಳ ಕಾವನ್ನು ರೈಲ್ವೆಯವರು ಅಳೆಯುವುದು ಸುಮ್ಮನಲ್ಲ.

ಯಂತ್ರದ ಬೋಲ್ಟಿಗೆ ಕನ್ನಡದಲ್ಲಿ ಹೆಸರನ್ನು ನಿಶ್ಚಯಿಸುವ ಕೋಶಕಾರರು ಆಣಿ, ಅಗುಳಿ, ಕೀಲುಗಳನ್ನು ಬಿಡಬೇಕೆಂದು ನನಗೆ ತೋರುವುದು. ಬೋಲ್ಟೆಂಬ ಪದವೇ ರೂಢಿಯಲ್ಲಿ ನಿಂತಿರುವುದರಿಂದ ಅದನ್ನು ಉಳಿಸಿಕೊಂಡರೂ ಬಾಧಕವಿಲ್ಲ. ಅರ್ಥವನ್ನು ಬರೆಯುವಾಗ ‘ತಡೆಯುವ ಕೀಲು’ ಎನ್ನದೆ ‘ತಿರುಪಿನ ಎಳೆತದಿಂದ ಬಿಗಿಹಿಡಿಯುವ ದಂಡ’ ಎಂದು ಬರೆದರೆ ಸಾಕು. ಮಡಿಸಿದ ತಗಡಿನ ಕಿವಿಗೆ ಬೇಕಾದರೆ ಕಡಾಣಿಯ ಹೆಸರು ಸಲ್ಲಬಹುದು.