ಕ್ರಿಸ್ಮಸ್ ಕಾಲಕ್ಕೆ ನಾವು ಮರೆತ ಚಿತ್ರಗಳು



ಆಗಮನ ಕಾಲದ ನಾಲ್ಕನೆಯ ಮೇಣದಬತ್ತಿ ಹೊತ್ತಿಸುವ ಹೊತ್ತಿಗೆ ಮಧುವನಹಳ್ಳಿ, ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ನಮ್ಮ ಮನೆಗಳಲ್ಲಿ ಗೋದಲಿಗೆ ಹುಲ್ಲು ಬಂದಿರುತ್ತದೆ, ಬಾಗಿಲಲ್ಲಿ ನಕ್ಷತ್ರ ತೂಗುತ್ತಿರುತ್ತದೆ. ಮಧ್ಯರಾತ್ರಿಯ ಬಲಿಪೂಜೆ, ಹಬ್ಬದ ಊಟ, ನೆಂಟರಿಷ್ಟರ ಭೇಟಿ ಎಲ್ಲವೂ ಮುಗಿದ ಮೇಲೆ ಮೂರು ರಾಯರ ಹಬ್ಬದವರೆಗೆ ಒಂದಿಷ್ಟು ಬಿಡುವಿನ ಸಂಜೆಗಳು ಉಳಿಯುತ್ತವೆ. ಆ ಸಂಜೆಗಳನ್ನು ನಾವು ಹೇಗೆ ಕಳೆಯುತ್ತೇವೆ? ಅಪ್ಪನ ಕೈಯಲ್ಲೊಂದು ಮೊಬೈಲು, ಮಗನ ಕೈಯಲ್ಲೊಂದು ಮೊಬೈಲು. ಅಜ್ಜಿಯೊಬ್ಬರೇ ಗೋದಲಿಯ ಮುಂದೆ ಜಪಸರ ಹಿಡಿದು ಕುಳಿತಿರುತ್ತಾರೆ. ಒಂದೇ ಸೂರಿನಡಿ ನಾಲ್ಕು ಜನ, ನಾಲ್ಕು ಲೋಕ.

ಒಂದು ಕಾಲದಲ್ಲಿ ಇಡೀ ಕುಟುಂಬವನ್ನು, ಅಷ್ಟೇ ಏಕೆ, ಇಡೀ ಊರನ್ನೇ ಒಂದು ಪರದೆಯ ಮುಂದೆ ಕೂರಿಸಿದ ಚಿತ್ರಗಳಿದ್ದವು. ಅವುಗಳಲ್ಲಿ ಕೆಲವು ನಮ್ಮ ಸೀಮೆಗೆ ಬಹಳ ಹತ್ತಿರದವು. ಆದರೂ ಅವುಗಳನ್ನು ಮರೆತಿದ್ದೇವೆ. ಈ ಹಬ್ಬದಲ್ಲಿ ಅವುಗಳ ಚರಿತ್ರೆಯನ್ನು ಸ್ವಲ್ಪ ನೆನೆಯೋಣ.

ಮೊದಲು ಒಂದು ಮಾತು. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮೈಸೂರು ರಾಜ್ಯದಲ್ಲಿರಲಿಲ್ಲ. ಅದು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆದ್ದರಿಂದ ಕೊಯಮತ್ತೂರಿನ ಕಥೆ ನಮಗೆ ಪರರ ಕಥೆಯಲ್ಲ, ನಮ್ಮದೇ ಹಳೆಯ ಜಿಲ್ಲೆಯ ಕಥೆ.

ಆ ಕೊಯಮತ್ತೂರಿನಲ್ಲಿ 1883ರಲ್ಲಿ ಹುಟ್ಟಿದವರು ಸಾಮಿಕಣ್ಣು ವಿನ್ಸೆಂಟ್ ಎಂಬ ಕ್ರೈಸ್ತರು. ಅವರು ತಿರುಚಿರಾಪಳ್ಳಿಯಲ್ಲಿ ರೈಲ್ವೆ ನೌಕರರಾಗಿದ್ದರು. 1905ರಲ್ಲಿ ಡ್ಯೂಪಾಂಟ್ ಎಂಬ ಫ್ರೆಂಚ್ ಪ್ರದರ್ಶಕರು ಊರೂರು ಸುತ್ತಿ ಚಲಿಸುವ ಚಿತ್ರ ತೋರಿಸುತ್ತಾ ಆ ಊರಿಗೆ ಬಂದು ಕಾಯಿಲೆ ಬಿದ್ದರು. ಅವರ ಯಂತ್ರವನ್ನೂ ಚಿತ್ರದ ಸುರುಳಿಗಳನ್ನೂ ವಿನ್ಸೆಂಟ್ 2,250 ರೂಪಾಯಿ ಹೊಂದಿಸಿ ಕೊಂಡರು. ಸಂಬಳವನ್ನೇ ನಂಬಿದ್ದ ನೌಕರನಿಗೆ ಆಗ ಅದು ಎಷ್ಟು ದೊಡ್ಡ ಮೊತ್ತವೆಂದು ಯೋಚಿಸಿ! ಆ ಸುರುಳಿಗಳಲ್ಲಿ ಯೇಸುಸ್ವಾಮಿಯ ಜೀವನ ಚರಿತ್ರೆಯ ಮೂಕಿ ಚಿತ್ರವೂ ಒಂದು. ವಿನ್ಸೆಂಟ್ ಕೆಲಸ ಬಿಟ್ಟು ಡೇರೆ ಹೊತ್ತು ಊರಿಂದ ಊರಿಗೆ ನಡೆದರು. ಟೂರಿಂಗ್ ಟಾಕೀಸು ಎಂದು ನಮ್ಮ ಹಿರಿಯರು ಪ್ರೀತಿಯಿಂದ ಕರೆಯುತ್ತಿದ್ದ ಟೆಂಟ್ ಸಿನಿಮಾ ದಕ್ಷಿಣ ಭಾರತದಲ್ಲಿ ಬೇರೂರಿದ್ದು ಇಂಥವರಿಂದ. 1914ರಲ್ಲಿ ಅವರು ಕೊಯಮತ್ತೂರಿನಲ್ಲಿ ವೆರೈಟಿ ಹಾಲ್ ಎಂಬ ಚಿತ್ರಮಂದಿರವನ್ನೂ ಕಟ್ಟಿಸಿದರು. ಅಕ್ಷರ ಬಾರದ ಎಷ್ಟೋ ಮಂದಿ ಬೆತ್ಲೆಹೇಮಿನ ಹಟ್ಟಿಯನ್ನು ಕಣ್ಣಾರೆ ಕಂಡದ್ದು ಡೇರೆಯೊಳಗಿನ ಬಿಳಿ ಬಟ್ಟೆಯ ಮೇಲೆ.

ಎರಡನೆಯ ಘಟನೆ ಮುಂಬಯಿಯದು. ದಾದಾಸಾಹೇಬ್ ಫಾಲ್ಕೆ ಎಂಬ ಬ್ರಾಹ್ಮಣ ಗೃಹಸ್ಥರು ಅಲ್ಲಿನ ಒಂದು ಡೇರೆಯಲ್ಲಿ ಕ್ರಿಸ್ತ ಚರಿತ್ರೆಯ ಚಿತ್ರವನ್ನು ನೋಡಿದರು. ಅದು 1910ರ ಕ್ರಿಸ್ಮಸ್ ಕಾಲವೆಂದು ಸಾಮಾನ್ಯವಾಗಿ ಹೇಳುತ್ತಾರೆ, 1911ರ ಈಸ್ಟರ್ ಎನ್ನುವವರೂ ಇದ್ದಾರೆ. ಪರದೆಯ ಮೇಲೆ ಕ್ರಿಸ್ತರು ಚಲಿಸುತ್ತಿದ್ದಾಗ ತಮ್ಮ ಮನಸ್ಸಿನಲ್ಲಿ ಶ್ರೀಕೃಷ್ಣ, ಶ್ರೀರಾಮ, ಗೋಕುಲ, ಅಯೋಧ್ಯೆಗಳು ಸುಳಿದವು ಎಂದು ಅವರೇ ಮುಂದೆ ಬರೆದುಕೊಂಡಿದ್ದಾರೆ. ಮತ್ತೆ ಪತ್ನಿ ಸರಸ್ವತಿಬಾಯಿಯವರನ್ನೂ ಕರೆದುಕೊಂಡು ಹೋಗಿ ತೋರಿಸಿದರು. ಆ ದರ್ಶನದ ಫಲವೇ 1913ರ ಮೇ 3ರಂದು ತೆರೆ ಕಂಡ 'ರಾಜಾ ಹರಿಶ್ಚಂದ್ರ'. ಭಾರತೀಯ ಚಿತ್ರರಂಗದ ತೊಟ್ಟಿಲು ತೂಗಿದ್ದು ಕ್ರಿಸ್ತರ ಜೀವನದ ಒಂದು ಚಿತ್ರ ಎಂಬುದು ನಮ್ಮ ಮಕ್ಕಳಿಗೆ ಗೊತ್ತೇ?

ಈಗ ನಮಗೆ ಅತ್ಯಂತ ಹತ್ತಿರದ ಚಿತ್ರಕ್ಕೆ ಬರೋಣ. 1948ರಲ್ಲಿ ಜೋಸೆಫ್ ತಳಿಯತ್ ಅವರ ಸಿಟಾಡೆಲ್ ಸಂಸ್ಥೆಯಿಂದ 'ಜ್ಞಾನಸೌಂದರಿ' ಎಂಬ ತಮಿಳು ಚಿತ್ರ ಬಂತು. ತಮಿಳು ರಂಗಭೂಮಿಯಲ್ಲಿ ಬಹುಕಾಲ ಆಡುತ್ತಿದ್ದ ಕ್ರೈಸ್ತ ನಾಟಕವೇ ಅದರ ಮೂಲ. ಮಲತಾಯಿಯ ದ್ವೇಷಕ್ಕೆ ಗುರಿಯಾದ ರಾಜಕುಮಾರಿಯೊಬ್ಬಳನ್ನು ಕಾಡಿಗೆ ಒಯ್ದು ಎರಡೂ ಕೈಗಳನ್ನು ಕಡಿಯುತ್ತಾರೆ. ಒಬ್ಬ ರಾಜಕುಮಾರ ಅವಳನ್ನು ಕಾಪಾಡಿ ಮದುವೆಯಾಗುತ್ತಾನೆ. ಆದರೂ ಕಷ್ಟ ಬೆನ್ನು ಬಿಡುವುದಿಲ್ಲ, ಮತ್ತೆ ಕಾಡು ಪಾಲಾಗುತ್ತಾಳೆ. ಕೊನೆಗೆ ಮಾತೆ ಮರಿಯಮ್ಮನವರ ಕೃಪೆಯಿಂದ ಅವಳಿಗೆ ಕೈಗಳು ಮರಳಿ ಬರುತ್ತವೆ. ಕೈಯಿಲ್ಲದವಳು ಜೋಡಿಸಲು ಅಂಗೈಗಳಿಲ್ಲದೆಯೂ ಪ್ರಾರ್ಥಿಸುವುದನ್ನು ಬಿಡಲಿಲ್ಲ ಎಂಬುದೇ ಈ ಕಥೆಯ ತಿರುಳು.

ಆ ಜ್ಞಾನಸೌಂದರಿಯ ಪಾತ್ರ ಮಾಡಿದವರು ಯಾರು ಗೊತ್ತೇ? ನಮ್ಮ ಕನ್ನಡದ ಎಂ. ವಿ. ರಾಜಮ್ಮ! 1936ರ 'ಸಂಸಾರ ನೌಕೆ'ಯ ನಾಯಕಿ, 1943ರಲ್ಲಿ 'ರಾಧಾರಮಣ' ಚಿತ್ರವನ್ನು ನಿರ್ಮಿಸಿ ಕನ್ನಡದ ಮೊದಲ ಮಹಿಳಾ ನಿರ್ಮಾಪಕಿ ಎನಿಸಿಕೊಂಡವರು ಅವರೇ. ಚಿತ್ರದಲ್ಲಿ ದೇವಮಾತೆಗೆ ಸಲ್ಲಿಸುವ ಪ್ರಾರ್ಥನಾ ಗೀತೆಯೊಂದಿದೆ. ನಾಯಕಿಯ ಬಾಲ್ಯಕ್ಕೆ ಜಿಕ್ಕಿ ಎಂಬ ಪುಟ್ಟ ಹುಡುಗಿ ದನಿ ಕೊಟ್ಟರೆ, ಯೌವನಕ್ಕೆ ಪಿ. ಎ. ಪೆರಿಯನಾಯಕಿಯವರ ದನಿ. ಹಾಡುತ್ತಾ ಹಾಡುತ್ತಾ ಮಗು ಬೆಳೆದು ಹೆಣ್ಣಾಗುತ್ತಾಳೆ, ಪ್ರಾರ್ಥನೆ ಮಾತ್ರ ಅದೇ. ಜಿಕ್ಕಿ ಮುಂದೆ ಕನ್ನಡದಲ್ಲೂ ಹಾಡಿ ಹೆಸರಾದರು. ಅದೇ ಕಥೆಯನ್ನು ಜೆಮಿನಿಯ ಎಸ್. ಎಸ್. ವಾಸನ್ ಕೂಡ ಅದೇ ವರ್ಷ ತೆರೆಗೆ ತಂದರು. ಅಷ್ಟು ದೊಡ್ಡ ಸಂಸ್ಥೆಯ ಚಿತ್ರ ಸೋತಿತು, ವಾಸನ್ ಅದನ್ನು ಹಿಂದಕ್ಕೆ ಪಡೆದರು. ಜನ ಒಪ್ಪಿಕೊಂಡದ್ದು ರಾಜಮ್ಮನವರ ಜ್ಞಾನಸೌಂದರಿಯನ್ನು. ಮಾರ್ಟಳ್ಳಿ, ಸಂದನಪಾಳ್ಯದಂಥ ನಮ್ಮ ಊರುಗಳಲ್ಲಿ ಮನೆಮಾತು ತಮಿಳು. ಅಲ್ಲಿನ ಕುಟುಂಬಗಳಿಗೆ ಈ ಚಿತ್ರ ನೋಡಲು ಅನುವಾದವೂ ಬೇಡ. ಕನ್ನಡದ ಮನೆಗಳವರು ಅವರ ಪಕ್ಕದಲ್ಲಿ ಕುಳಿತು ಕೇಳಿ ತಿಳಿಯಬಹುದು.

ಮೂವತ್ತು ವರ್ಷಗಳ ನಂತರ, 1978ರಲ್ಲಿ, ತೆಲುಗಿನ 'ಕರುಣಾಮಯುಡು' ಬಂತು. ಎ. ಭೀಮಸಿಂಗ್ ನಿರ್ದೇಶಿಸಿದ ಈ ಚಿತ್ರದಲ್ಲಿ ಯೇಸುಸ್ವಾಮಿಯ ಪಾತ್ರ ವಹಿಸಿದವರು ವಿಜಯಚಂದರ್. ಚಿತ್ರ ಹಲವು ಭಾಷೆಗಳಿಗೆ ಡಬ್ ಆಗಿ, ಪರದೆ ಮತ್ತು ಪ್ರೊಜೆಕ್ಟರ್ ಹೊತ್ತ ತಂಡಗಳ ಮೂಲಕ ಹಳ್ಳಿ ಹಳ್ಳಿಗೆ ಹೋಯಿತು. ಅಂದರೆ ವಿನ್ಸೆಂಟ್ 1905ರಲ್ಲಿ ಹಿಡಿದ ದಾರಿಯನ್ನೇ ಇದೂ ಹಿಡಿಯಿತು. ಅದೇ ವಿಜಯಚಂದರ್ 1986ರಲ್ಲಿ ಶಿರಡಿ ಸಾಯಿಬಾಬಾ ಅವರ ಪಾತ್ರವನ್ನೂ ಮಾಡಿದರು.

ಈ ಚರಿತ್ರೆಯನ್ನು ಗೋದಲಿಯ ಬೆಳಕಿನಲ್ಲಿ ನೋಡಿದರೆ ಏನು ಕಾಣುತ್ತದೆ? ಬಾಲಯೇಸುವಿನ ಬಳಿಗೆ ಮೊದಲು ಬಂದವರು ಹತ್ತಿರದ ಹೊಲದ ಕುರುಬರು. ತಮಗೆ ತಿಳಿದದ್ದನ್ನು ಕಣ್ಣಾರೆ ನೋಡೋಣವೆಂದು ಅವರು ಅವಸರದಿಂದ ಹೊರಟರೆಂದು ಸಂತ ಲೂಕರು ಬರೆಯುತ್ತಾರೆ. ಬಳಿಕ ಬಂದವರು ದೂರದೇಶದ ಜ್ಞಾನಿಗಳು. ಅವರು ನಮ್ಮ ಧರ್ಮಗ್ರಂಥ ಓದಿದವರಲ್ಲ, ಆದರೂ ಬರಿಗೈಯಲ್ಲಿ ಬರಲಿಲ್ಲ. ಡೇರೆ ಹೊತ್ತ ವಿನ್ಸೆಂಟ್ ಕುರುಬರ ಸಾಲಿನವರು. ಫಾಲ್ಕೆ, ರಾಜಮ್ಮ ಮೊದಲಾದವರು ಜ್ಞಾನಿಗಳ ಹಾಗೆ ಹೊರಗಿನಿಂದ ಬಂದು ತಮ್ಮ ಕಲೆಯನ್ನು ಕಾಣಿಕೆಯಾಗಿ ಇಟ್ಟವರು. ಈ ನಾಡಿನ ಪರದೆಯ ಮೇಲೆ ಕ್ರಿಸ್ತರನ್ನೂ ಮಾತೆ ಮರಿಯಮ್ಮನವರನ್ನೂ ತೋರಿಸಲು ಎಲ್ಲ ಧರ್ಮದವರ ಕೈಗಳು ದುಡಿದಿವೆ. ಆ ಕಾಣಿಕೆಯನ್ನು ಮೂಲೆಗೆ ಹಾಕಿ ಧೂಳು ಹಿಡಿಸುವುದು ಕೃತಘ್ನತೆ.

ಧರ್ಮಸಭೆಯೂ ಸಿನಿಮಾವನ್ನು ಬರೀ ಪಾಪದ ವಸ್ತುವೆಂದು ಕಂಡಿಲ್ಲ. ಕೆಟ್ಟ ಚಿತ್ರ ಆತ್ಮವನ್ನು ಕೆಡಿಸಬಲ್ಲದು, ಒಳ್ಳೆಯ ಚಿತ್ರ ಅಷ್ಟೇ ಬಲವಾಗಿ ಎತ್ತಬಲ್ಲದು ಎಂದು ಪೋಪ್ ಹನ್ನೊಂದನೇ ಪಯಸ್ 1936ರಲ್ಲೇ ಬೋಧಿಸಿದರು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಸಂಪರ್ಕ ಮಾಧ್ಯಮಗಳ ಬಗ್ಗೆ ಪ್ರತ್ಯೇಕ ಆಜ್ಞಾಪತ್ರವನ್ನೇ ಹೊರಡಿಸಿತು. ಸಿನಿಮಾಕ್ಕೆ ನೂರು ವರ್ಷ ತುಂಬಿದ 1995ರಲ್ಲಿ ವ್ಯಾಟಿಕನ್ 45 ಉತ್ತಮ ಚಿತ್ರಗಳ ಪಟ್ಟಿ ಮಾಡಿತು. ಧರ್ಮ, ಮೌಲ್ಯ, ಕಲೆ ಎಂದು ಮೂರು ಗುಂಪು, ಗುಂಪಿಗೆ ಹದಿನೈದು. 'ಗಾಂಧಿ' ಚಿತ್ರಕ್ಕೂ ಅಲ್ಲಿ ಸ್ಥಾನವಿದೆ.

ಆ ಪಟ್ಟಿಯ ಎರಡು ಚಿತ್ರಗಳು ಈ ಹಬ್ಬದ ಕಾಲಕ್ಕೆ ಒಪ್ಪುತ್ತವೆ. ಒಂದು, 1947ರ ಫ್ರೆಂಚ್ ಚಿತ್ರ 'ಮಾನ್ಸಿಯರ್ ವಿನ್ಸೆಂಟ್'. ಅದು ಬಡವರ ಬಂಧು ಸಂತ ವಿನ್ಸೆಂಟ್ ದಿ ಪೌಲರ ಕಥೆ. ಅವರ ಹೆಸರಿನ ಸಭೆಯಲ್ಲಿ ಸೇವೆ ಮಾಡುವ ನಮ್ಮ ಬಂಧುಗಳು ಇದನ್ನು ಒಮ್ಮೆಯಾದರೂ ನೋಡಬೇಕು. ಇನ್ನೊಂದು, ಫ್ರಾಂಕ್ ಕಾಪ್ರಾ ಅವರ 1946ರ 'ಇಟ್ಸ್ ಎ ವಂಡರ್‌ಫುಲ್ ಲೈಫ್'. ಕ್ರಿಸ್ಮಸ್ ಹಿಂದಿನ ರಾತ್ರಿ ಸಾಲದ ಭಯದಿಂದ ಸಾಯಲು ಹೊರಟ ಗೃಹಸ್ಥನಿಗೆ, ಅವನು ಹುಟ್ಟದೇ ಇದ್ದಿದ್ದರೆ ಊರು ಹೇಗಿರುತ್ತಿತ್ತು ಎಂದು ದೇವದೂತ ತೋರಿಸುತ್ತಾನೆ. ಸಾಲದ ಹೊರೆಯಿಂದ ರೈತರು ಪ್ರಾಣ ಕಳೆದುಕೊಂಡ ನಾಡು ನಮ್ಮದು. ಈ ಕಥೆಯನ್ನು ನಮ್ಮ ಮನೆಗಳ ಗಂಡಸರೂ ಕುಳಿತು ನೋಡಲಿ. ವಿಚಿತ್ರವೆಂದರೆ ಬಂದ ಕಾಲದಲ್ಲಿ ಈ ಚಿತ್ರ ಹಾಕಿದ ಹಣವನ್ನೂ ಗಳಿಸಲಿಲ್ಲ. 1974ರಲ್ಲಿ ಅದರ ಹಕ್ಕುಸ್ವಾಮ್ಯ ನವೀಕರಣವಾಗದೆ ಹೋದದ್ದರಿಂದ ಅಮೆರಿಕದ ಟಿ.ವಿ.ಗಳು ಪ್ರತಿ ಕ್ರಿಸ್ಮಸ್‌ಗೂ ತೋರಿಸತೊಡಗಿದವು. ಸೋತ ಚಿತ್ರ ಮನೆಮನೆಯ ಹಬ್ಬವಾಯಿತು. ಮರೆತದ್ದನ್ನು ಮತ್ತೆ ನೆನೆಯಲು ಸಾಧ್ಯ ಎಂಬುದಕ್ಕೆ ಇದೇ ಸಾಕ್ಷಿ.

ಆದರೆ ತಡ ಮಾಡಿದರೆ ಎಲ್ಲವೂ ಉಳಿಯುವುದಿಲ್ಲ. 1934ರ 'ಸತಿ ಸುಲೋಚನ', ಕನ್ನಡದ ಮೊದಲ ವಾಕ್ಚಿತ್ರ, ಇಂದು ನೋಡಲು ಒಂದು ಪ್ರತಿಯೂ ಇಲ್ಲ. 'ರಾಜಾ ಹರಿಶ್ಚಂದ್ರ'ದ ಒಂದು ಭಾಗ ಮಾತ್ರ ಉಳಿದಿದೆ. ಚಿತ್ರ ಸುರುಳಿಯಲ್ಲಿ ಮಾತ್ರ ನಶಿಸುವುದಿಲ್ಲ, ಅದನ್ನು ಟೆಂಟಿನಲ್ಲಿ ಮಣ್ಣಿನ ಮೇಲೆ ಕುಳಿತು ನೋಡಿದ ಅಜ್ಜ ಅಜ್ಜಿಯರ ನೆನಪಿನಲ್ಲೂ ನಶಿಸುತ್ತದೆ.

ಆದ್ದರಿಂದ, ಪ್ರಿಯ ಕುಟುಂಬಗಳೇ, ಈ ರಜೆಯಲ್ಲಿ ಒಂದು ಸಂಜೆಯನ್ನಾದರೂ ಮೀಸಲಿಡಿ. ಸಂಜೆಯ ಜಪಸರ ಮುಗಿಸಿ, ಮೊಬೈಲುಗಳನ್ನು ಗೋದಲಿಯ ಪಕ್ಕದಲ್ಲಿಟ್ಟು, ಒಂದೇ ಪರದೆಯ ಮುಂದೆ ಎಲ್ಲರೂ ಕುಳಿತುಕೊಳ್ಳಿ. ಅಜ್ಜಿಗೆ ಮುಂದಿನ ಕುರ್ಚಿ ಕೊಡಿ. ಪಕ್ಕದ ಮನೆಯ ಹಿಂದೂ, ಮುಸ್ಲಿಂ ಬಂಧುಗಳನ್ನೂ ಕರೆಯಿರಿ, ಈ ಚಿತ್ರಗಳಲ್ಲಿ ಅವರ ಪಾಲೂ ಇದೆ. ಮುಗಿದ ಮೇಲೆ ಕೂಡಲೇ ದೀಪ ಆರಿಸಬೇಡಿ. ನೀವು ಮೊದಲು ನೋಡಿದ ಸಿನಿಮಾ ಯಾವುದು, ಯಾರ ಜೊತೆ ನೋಡಿದಿರಿ ಎಂದು ಮಕ್ಕಳು ಹಿರಿಯರನ್ನು ಕೇಳಲಿ. ಆ ಉತ್ತರವೇ ಹಬ್ಬದ ಅತಿ ದೊಡ್ಡ ಕಾಣಿಕೆಯಾದೀತು.

ಬಾಲಯೇಸು ನಿಮ್ಮ ಮನೆಯನ್ನು ಒಂದಾಗಿ ಕೂರಿಸಲಿ. ಎಲ್ಲರಿಗೂ ಕ್ರಿಸ್ತ ಜಯಂತಿಯ ಶುಭಾಶಯಗಳು.