ಕ್ಷಯದ ಚಿಕಿತ್ಸೆ ಮನೆಗೆ ಬಂದ ಬಗೆ

1946ನೆಯ ಇಸವಿಯಲ್ಲಿ ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿಯು ಬ್ರಿಟಿಷ್ ಇಂಡಿಯಾದ ಆರೋಗ್ಯಸ್ಥಿತಿಯನ್ನು ಕುರಿತ ತನ್ನ ಬೃಹತ್ ವರದಿಯನ್ನು ಸರ್ಕಾರಕ್ಕೆ ಒಪ್ಪಿಸಿತು. ಅದರಲ್ಲಿ ಕ್ಷಯರೋಗದ ಪ್ರಸ್ತಾಪ ಬರುವೆಡೆಯಲ್ಲಿ ಮೂರು ಅಂಕಿಗಳುಂಟು: ರೋಗಪೀಡಿತರು ಸುಮಾರು 25 ಲಕ್ಷ, ವರ್ಷವೊಂದಕ್ಕೆ ಮೃತರಾಗುವವರು ಸುಮಾರು 5 ಲಕ್ಷ, ಇವರಿಗೆಲ್ಲ ದೇಶದಲ್ಲಿದ್ದ ಹಾಸಿಗೆಗಳು ಸುಮಾರು 6,000. ನಾನೂರಕ್ಕೂ ಮಿಕ್ಕ ರೋಗಿಗಳಿಗೆ ಒಂದು ಹಾಸಿಗೆ ಎಂಬ ಈ ಲೆಕ್ಕ ಅಂದಿನವರನ್ನು ಕಂಗೆಡಿಸಿದ್ದರೆ ಆಶ್ಚರ್ಯವಿಲ್ಲ. ಏಕೆಂದರೆ ಆ ಕಾಲದಲ್ಲಿ ಕ್ಷಯಕ್ಕೆ ಹಾಸಿಗೆಯೇ ಮುಖ್ಯ ಚಿಕಿತ್ಸೆಯಾಗಿತ್ತು. ಆ ಹಾಸಿಗೆ ಇಲ್ಲದೆಯೂ ಕ್ಷಯವನ್ನು ಗುಣಪಡಿಸಬಹುದೆಂಬುದನ್ನು ಮುಂದಿನ ಹದಿನೈದು ವರ್ಷಗಳೊಳಗಾಗಿ ಲೋಕಕ್ಕೆಲ್ಲ ತೋರಿಸಿಕೊಟ್ಟದ್ದು ಮದರಾಸು ಮತ್ತು ಬೆಂಗಳೂರುಗಳಲ್ಲಿ ನಡೆದ ಸಂಶೋಧನೆ. ನಮ್ಮ ನಾಡಿನ ವಿಜ್ಞಾನಚರಿತ್ರೆಯಲ್ಲಿ ಅಭಿಮಾನಪಡತಕ್ಕ ಅಧ್ಯಾಯಗಳಲ್ಲಿ ಅದೊಂದು. ನಾವು ಅದನ್ನು ಬಹುಮಟ್ಟಿಗೆ ಮರೆತಿರುವುದು ವಿಷಾದದ ಸಂಗತಿ.

ಹಾಸಿಗೆಯ ಮೇಲಣ ಈ ಶ್ರದ್ಧೆ ಯೂರೋಪಿನಿಂದ ಬಂದದ್ದು. 19ನೆಯ ಶತಮಾನದ ನಡುವಿನಲ್ಲಿ ಹರ್ಮನ್ ಬ್ರೇಮರ್ ಎಂಬ ವೈದ್ಯನು ಸೈಲೀಷಿಯದ ಬೆಟ್ಟಗಳ ನಡುವೆ, ಗೋರ್ಬರ್ಸ್‌ಡೋರ್ಫ್ ಎಂಬ ಹಳ್ಳಿಯಲ್ಲಿ, ಕ್ಷಯರೋಗಿಗಳಿಗೆಂದೇ ಒಂದು ಆಶ್ರಯವನ್ನು, ಎಂದರೆ ಸ್ಯಾನಟೋರಿಯಂ ಅನ್ನು, ಕಟ್ಟಿದನು. ಶುದ್ಧವಾದ ಗಾಳಿ, ಪುಷ್ಟಿಕರವಾದ ಆಹಾರ, ವೈದ್ಯನ ಕಣ್ಣೆದುರಿನ ಕ್ರಮಬದ್ಧ ಜೀವನ, ಇವೇ ಅಲ್ಲಿಯ ಔಷಧಗಳು. 1882ನೆಯ ಇಸವಿ ಮಾರ್ಚ್ 24ರಂದು ರಾಬರ್ಟ್ ಕಾಕ್ ಬರ್ಲಿನ್ ನಗರದಲ್ಲಿ ಈ ರೋಗಕ್ಕೆ ಕಾರಣವಾದ ಅಣುಜೀವಿಯನ್ನು ಕಂಡುಹಿಡಿದುದಾಗಿ ಪ್ರಕಟಿಸಿದ ಮೇಲೆಯೂ ಈ ಪದ್ಧತಿ ಬದಲಾಗಲಿಲ್ಲ. ಶತ್ರುವಿನ ಗುರುತು ಸಿಕ್ಕಿತ್ತಾದರೂ ಅವನನ್ನು ಕೊಲ್ಲುವ ಆಯುಧ ಮತ್ತೆ ಅರವತ್ತು ವರ್ಷ ದೊರೆಯಲಿಲ್ಲವಾದ್ದರಿಂದ, ವೈದ್ಯರು ಕಟ್ಟಡವನ್ನೇ ಔಷಧದಂತೆ ರೂಪಿಸುವುದರಲ್ಲಿ ತಮ್ಮ ಬುದ್ಧಿಯನ್ನೆಲ್ಲ ವಿನಿಯೋಗಿಸಿದರು.

ಈ ಪ್ರಯತ್ನದ ಶಿಖರವೆಂದು ನಾನು ಎಣಿಸುವುದು ಫಿನ್ಲೆಂಡಿನ ಪೈಮಿಯೊ ಎಂಬಲ್ಲಿ ಆಲ್ವಾರ್ ಆಲ್ಟೊ ಎಂಬ ವಾಸ್ತುಶಿಲ್ಪಿಯು ನಿರ್ಮಿಸಿದ, 1933ರಲ್ಲಿ ತೆರೆಯಲಾದ ಸ್ಯಾನಟೋರಿಯಂ. ತಿಂಗಳುಗಟ್ಟಲೆ ಅಂಗಾತ ಮಲಗಿರುವ ರೋಗಿಗೆ ಗೋಡೆಗಿಂತ ಛಾವಣಿಯೇ ಹೆಚ್ಚು ಕಣ್ಣಿಗೆ ಬೀಳುತ್ತದೆಂಬುದನ್ನು ಮನಗಂಡು ಆತನು ಛಾವಣಿಗೆ ಕಣ್ಣು ದಣಿಯದ ಗಾಢವಾದ ಹಸುರು ಬಣ್ಣವನ್ನು ಬಳಿಸಿದನು. ದೀಪಗಳು ಮಲಗಿದವರ ದೃಷ್ಟಿಗೆ ನೇರವಾಗಿ ಬೀಳದಂತೆ ನೋಡಿಕೊಂಡನು. ಒಬ್ಬನು ಮುಖ ತೊಳೆಯುವ ಸಪ್ಪಳದಿಂದ ಪಕ್ಕದವನ ನಿದ್ರೆ ಕೆಡಬಾರದೆಂದು, ನೀರು ಓರೆಯಾಗಿ ತಾಗಿ ಸದ್ದಿಲ್ಲದೆ ಜಾರಿಹೋಗುವಂತಹ ತೊಟ್ಟಿಗಳನ್ನು ರಚಿಸಿದನು. ಉಸಿರಾಟಕ್ಕೆ ಅನುಕೂಲವಾಗುವ ಕೋನದಲ್ಲಿ ಒರಗಿಕೊಳ್ಳಲು ಬಾಗಿಸಿದ ಮರದ ಕುರ್ಚಿಯನ್ನು ಮಾಡಿಸಿದನು. ರೋಗಿಯ ಸ್ಥಾನದಲ್ಲಿ ತಾನೇ ಮಲಗಿ ಯೋಚಿಸಿದವನ ಕೆಲಸವಿದು. ಆದರೆ ಇಂತಹ ಭವನ ಎಷ್ಟು ಮಂದಿಯನ್ನು ಒಳಗೊಂಡೀತು?

ನಮ್ಮ ಕಡೆಯಲ್ಲಿಯೂ ಸ್ಯಾನಟೋರಿಯಂಗಳು ಹುಟ್ಟಿದವು. ಕೋಲಾರದ ಗಡಿಗೆ ದೂರವಲ್ಲದ ಮದನಪಲ್ಲಿಯ ಬಳಿ, ಆರೋಗ್ಯವರಂ ಎಂಬ ಹೆಸರಿನಿಂದ ಪ್ರಸಿದ್ಧವಾದ ಮಿಷನರಿಗಳ ಸ್ಯಾನಟೋರಿಯಂ 1915ರಲ್ಲಿ ನೆಲೆಗೊಂಡಿತು. ಕ್ಷಯವು ಅರಮನೆಯನ್ನೂ ಬಿಡದ ಕಾಲವದು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಈ ರೋಗದಿಂದ ತೀರಿಕೊಂಡ ತಮ್ಮ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಮೈಸೂರು ನಗರದ ಅಂಚಿನಲ್ಲಿ ಕ್ಷಯರೋಗದ ಆಸ್ಪತ್ರೆಯೊಂದನ್ನು ಸ್ಥಾಪಿಸಿದರು. ಇಂತಹ ಆಸ್ಪತ್ರೆಗಳಲ್ಲಿ ದೊರೆಯುತ್ತಿದ್ದುದು ಗಾಳಿ, ವಿಶ್ರಾಂತಿ, ಹಾಲು ಮೊಟ್ಟೆಗಳು, ಮತ್ತು ಕೆಟ್ಟ ಶ್ವಾಸಕೋಶದ ಸುತ್ತ ಸೂಜಿಯಿಂದ ಗಾಳಿಯನ್ನು ತುಂಬಿ ಅದನ್ನು ಕುಗ್ಗಿಸಿ ಸುಮ್ಮನಿರಿಸುವ ಉಪಚಾರ. ಕೆಲವರು ಬದುಕುತ್ತಿದ್ದರು. ಆದರೆ ದುಡಿಯುವ ಗಂಡಸು ವರ್ಷಗಟ್ಟಲೆ ಮನೆಬಿಟ್ಟು ಹೋದರೆ ಹೆಂಡತಿಮಕ್ಕಳ ಗತಿಯೇನು, ಕೈಗೂಸಿನ ತಾಯಿ ಹೋದರೆ ಕೂಸಿನ ಗತಿಯೇನು ಎಂಬುದಕ್ಕೆ ಆ ಪದ್ಧತಿಯಲ್ಲಿ ಉತ್ತರವಿರಲಿಲ್ಲ.

1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಶಾಲೆಯಲ್ಲಿ ಆಲ್ಬರ್ಟ್ ಶಾಟ್ಜ್ ಎಂಬ ತರುಣನು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ನನ್ನು ಬೇರ್ಪಡಿಸಿದನು. ಅದರ ಬೆನ್ನಿಗೇ ಪಿ.ಎ.ಎಸ್. ಎಂಬ ಮದ್ದೂ, 1952ರಲ್ಲಿ ಐಸೋನಿಯಾಜಿಡ್ ಎಂಬ ಅಗ್ಗವಾದ ಮಾತ್ರೆಯೂ ಬಂದವು. ಆಯುಧವೇನೋ ದೊರೆಯಿತು, ಆದರೆ ಮದ್ದನ್ನು ಸ್ಯಾನಟೋರಿಯಂನಲ್ಲಿ ಮಲಗಿಸಿಯೇ ಕೊಡಬೇಕೆಂಬ ನಂಬಿಕೆ ಹಾಗೆಯೇ ಉಳಿಯಿತು. ಅದನ್ನು ಪರೀಕ್ಷೆಗೆ ಒಡ್ಡುವ ಧೈರ್ಯ ಹಾಸಿಗೆಗಳು ಸಾಕಷ್ಟಿದ್ದ ದೇಶಗಳಿಗೆ ಬೇಕಾಗಿರಲಿಲ್ಲ. ನಮಗೆ ಅದು ಜೀವನ್ಮರಣದ ಪ್ರಶ್ನೆಯಾಗಿತ್ತು.

1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಈ ನಾಲ್ಕೂ ಸೇರಿ ಮದರಾಸಿನಲ್ಲಿ ಕ್ಷಯದ ಔಷಧಚಿಕಿತ್ಸಾ ಕೇಂದ್ರವನ್ನು ತೆರೆದವು. ವಾಲೆಸ್ ಫಾಕ್ಸ್ ಎಂಬ ಆಂಗ್ಲ ವೈದ್ಯರು ಅದರ ಮುಂದಾಳು. ನಗರದ ಬಡವರ ಕೇರಿಗಳಿಂದ ಬಂದ 193 ಮಂದಿ ರೋಗಿಗಳನ್ನು, ವೈದ್ಯರ ಇಷ್ಟಾನಿಷ್ಟಗಳಿಗೆ ಅವಕಾಶವಿಲ್ಲದಂತೆ ಚೀಟಿ ಎತ್ತುವ ಕ್ರಮದಿಂದ ಎರಡು ಪಂಗಡ ಮಾಡಿ, ಒಂದನ್ನು ಸ್ಯಾನಟೋರಿಯಂಗೂ ಇನ್ನೊಂದನ್ನು ಅವರವರ ಮನೆಗೂ ಕಳುಹಿಸಿದರು. ಎರಡು ಪಂಗಡಗಳಿಗೂ ಅದೇ ಮದ್ದು, ಅದೇ ಒಂದು ವರ್ಷದ ಅವಧಿ. ಒಬ್ಬರಿಗೆ ಮಂಚ, ಗಾಳಿ, ಬೆಳಕು, ದಾದಿಯರ ಆರೈಕೆ, ಹೊಟ್ಟೆ ತುಂಬ ಒಳ್ಳೆಯ ಊಟ. ಇನ್ನೊಬ್ಬರಿಗೆ ಒಂದೇ ಕೋಣೆಯಲ್ಲಿ ಇಡೀ ಸಂಸಾರ, ಅರೆಹೊಟ್ಟೆ, ಕೆಲಸಕ್ಕೆ ಹೋಗದಿದ್ದರೆ ತೀರದ ಬದುಕು. ಮನೆಯಲ್ಲಿದ್ದವರು ಕೇಂದ್ರಕ್ಕೆ ಬಂದು ಮದ್ದನ್ನು ಒಯ್ಯುತ್ತಿದ್ದರು. ಅದನ್ನು ನಿಜವಾಗಿ ನುಂಗಿದರೋ ಇಲ್ಲವೋ ಎಂದು ತಿಳಿಯಲು ಕೇಂದ್ರದವರು ಮುನ್ಸೂಚನೆಯಿಲ್ಲದೆ ಮನೆಗೆ ಹೋಗಿ ಮಾತ್ರೆಗಳನ್ನು ಎಣಿಸುತ್ತಿದ್ದರು, ಮೂತ್ರವನ್ನು ಪರೀಕ್ಷಿಸುತ್ತಿದ್ದರು.

1959ರಲ್ಲಿ ಪ್ರಕಟವಾದ ಫಲಿತಾಂಶ ವೈದ್ಯಲೋಕವನ್ನು ಬೆರಗುಗೊಳಿಸಿತು. ವರ್ಷದ ಕೊನೆಗೆ ಸ್ಯಾನಟೋರಿಯಂನವರಲ್ಲಿ ನೂರಕ್ಕೆ 92 ಮಂದಿಯ, ಮನೆಯಲ್ಲಿದ್ದವರಲ್ಲಿ ನೂರಕ್ಕೆ 86 ಮಂದಿಯ ರೋಗ ಶಮನಗೊಂಡಿತ್ತು. ಐದು ವರ್ಷಗಳ ತರುವಾಯ ನೋಡಿದಾಗ ಈ ಅಲ್ಪವಾದ ಅಂತರವೂ ಅಳಿಸಿಹೋಗಿ, ಎರಡು ಪಂಗಡಗಳಲ್ಲಿಯೂ ಹತ್ತರಲ್ಲಿ ಒಂಬತ್ತು ಮಂದಿ ಸರಿಸುಮಾರಾಗಿ ಗುಣವಾಗಿಯೇ ಉಳಿದಿದ್ದರು. ಇದಕ್ಕಿಂತ ದೊಡ್ಡ ಸಮಾಧಾನದ ಸಂಗತಿ ಇನ್ನೊಂದು: ರೋಗಿಯನ್ನು ಮನೆಯಲ್ಲಿಟ್ಟುಕೊಂಡ ಕುಟುಂಬದವರಿಗೆ, ಸ್ಯಾನಟೋರಿಯಂಗೆ ಕಳುಹಿಸಿದ ಕುಟುಂಬದವರಿಗಿಂತ ರೋಗವು ಹೆಚ್ಚಾಗಿ ಅಂಟಲಿಲ್ಲ. ಮದ್ದು ತೊಡಗಿದ ಮೇಲೆ ರೋಗಿಯಿಂದ ಅಪಾಯ ಬೇಗನೆ ಇಳಿಯುತ್ತದೆ. ಮನೆಯವರಿಗೆ ತಗಲಬೇಕಾದದ್ದು ಮದ್ದಿಗೆ ಮೊದಲೇ ತಗಲಿರುತ್ತದೆ. ರೋಗಿಯನ್ನು ಮನೆಯಿಂದ ಹೊರಗಟ್ಟುವುದಕ್ಕೆ ಶಾಸ್ತ್ರದ ಆಧಾರವಿಲ್ಲವೆಂದು ಆ ದಿನ ಸಿದ್ಧವಾಯಿತು. ಹೀಗಿದ್ದೂ ಇಂದಿಗೂ ಕ್ಷಯವೆಂದೊಡನೆ ತಟ್ಟೆಲೋಟಗಳನ್ನು ಬೇರೆಯಿಡುವ, ಸೊಸೆಯನ್ನು ತವರಿಗೆ ಅಟ್ಟುವ ಮನೆಗಳಿವೆಯೆಂಬುದನ್ನು ನೆನೆದರೆ ಮನಸ್ಸಿಗೆ ಬಹಳ ನೋವಾಗುತ್ತದೆ.

ಮನೆಯಲ್ಲಿಯೇ ಗುಣಪಡಿಸಬಹುದೆಂದು ಮದರಾಸು ಹೇಳಿತು. ಆದರೆ ಯಾರ ಮನೆ? 1955ರಿಂದ 1958ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯು, ಕ್ಷಯವು ಪಟ್ಟಣದ ರೋಗವೆಂಬ ಹಳೆಯ ಎಣಿಕೆಯನ್ನು ಸುಳ್ಳಾಗಿಸಿ, ಅದು ಹಳ್ಳಿಗಳಲ್ಲಿಯೂ ಅಷ್ಟೇ ಹಬ್ಬಿದೆಯೆಂದು ತೋರಿಸಿತ್ತು. ಆ ಹಳ್ಳಿಗಳಿಗೆ ಮದ್ದನ್ನು ತಲಪಿಸುವ ಮಾರ್ಗವನ್ನು ಶೋಧಿಸುವುದಕ್ಕಾಗಿ 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ, ಮೈಸೂರು ಅರಸುಮನೆತನಕ್ಕೆ ಸೇರಿದ್ದ ಅವಲಾನ್ ಎಂಬ ಭವನದಲ್ಲಿ, ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಪ್ರಾರಂಭವಾಯಿತು. ಮರುವರ್ಷ ಜವಾಹರಲಾಲ್ ನೆಹರೂ ಅವರು ಬಂದು ಅದನ್ನು ವಿಧಿಪೂರ್ವಕವಾಗಿ ಉದ್ಘಾಟಿಸಿದರು. ವೈದ್ಯರ ಜೊತೆಗೆ ಸಂಖ್ಯಾಶಾಸ್ತ್ರಜ್ಞರನ್ನೂ ಸಮಾಜಶಾಸ್ತ್ರಜ್ಞರನ್ನೂ ಒಂದೇ ಮೇಜಿನ ಸುತ್ತ ಕೂರಿಸಿದ್ದು ಈ ಸಂಸ್ಥೆಯ ವೈಶಿಷ್ಟ್ಯ.

ಅಲ್ಲಿ ಕೆಲಸ ಮಾಡಿದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರ ಅಧ್ಯಯನವೊಂದು 1963ರಲ್ಲಿ ಅಚ್ಚಾಯಿತು. ಈ ಇಡೀ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಅತಿಯಾಗಿ ಸೆಳೆದಿರುವುದು ಅದೇ. ಹಳ್ಳಿಯವರು ಅಜ್ಞರು, ರೋಗದ ಲಕ್ಷಣವನ್ನು ಅರಿಯರು, ಅರಿತರೂ ದೇವರು ದಿಂಡರು ಎಂದು ಅಲೆಯುವರೇ ಹೊರತು ಆಸ್ಪತ್ರೆಗೆ ಬರುವವರಲ್ಲ, ಆದ್ದರಿಂದ ಎಕ್ಸ್-ರೇ ಯಂತ್ರವನ್ನು ಬಂಡಿಯ ಮೇಲೇರಿಸಿ ನಾವೇ ಅವರನ್ನು ಹುಡುಕಿಕೊಂಡು ಹೋಗಬೇಕು ಎಂಬುದು ಆಗಿನ ವಿದ್ಯಾವಂತರ ಸಾಮಾನ್ಯ ನಂಬಿಕೆಯಾಗಿತ್ತು. ತುಮಕೂರು ಜಿಲ್ಲೆಯಲ್ಲಿ ಎಕ್ಸ್-ರೇ ಸಮೀಕ್ಷೆ ನಡೆದು, ಯಾರ ಎದೆಯಲ್ಲಿ ಕ್ಷಯವಿದೆಯೆಂದು ಗೊತ್ತಾಗಿತ್ತೋ ಅಂತಹವರ ಮನೆಗಳಿಗೆ ಹೋಗಿ, ನಿಮಗೆ ಮೈಯಲ್ಲಿ ಹೇಗಿದೆ, ಏನು ಮಾಡಿದಿರಿ ಎಂದು ವಿಚಾರಿಸಲಾಯಿತು. ಕಫದಲ್ಲಿ ರೋಗಾಣುವಿದ್ದವರಲ್ಲಿ ನೂರಕ್ಕೆ 90ಕ್ಕೂ ಮಿಕ್ಕಿ ಮಂದಿಗೆ ತಮ್ಮ ಕೆಮ್ಮು, ಜ್ವರ, ಎದೆನೋವು ಚೆನ್ನಾಗಿ ತಿಳಿದಿದ್ದವು. ಬಹುಪಾಲು ಜನ ಅದರ ಚಿಂತೆಯಲ್ಲಿದ್ದರು. ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದಿದ್ದರು. ಮೈಲಿಗಟ್ಟಲೆ ನಡೆದು ಬಂದ ಅವರಿಗೆ ಅಲ್ಲಿ ದೊರೆತದ್ದೇನು? ಒಂದು ಸೀಸೆ ಕೆಮ್ಮಿನ ಮಿಕ್ಸ್ಚರ್. ಯಾರೂ ಅವರ ಕಫವನ್ನು ನೋಡಿರಲಿಲ್ಲ. ಜನ ಬರುವುದಿಲ್ಲವೆಂದು ದೂರುತ್ತಿದ್ದ ಆಸ್ಪತ್ರೆಗಳು, ಬಂದವರನ್ನು ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸುತ್ತಿದ್ದವು ಎಂಬ ಈ ಸತ್ಯವನ್ನು ಅಂಕಿಸಂಖ್ಯೆಗಳಿಂದ ಸ್ಥಾಪಿಸಿದ್ದು ತುಮಕೂರಿನ ಹಳ್ಳಿಗರ ಮೇಲಣ ಒಂದು ಅಪವಾದವನ್ನು ತೊಡೆದಂತಾಯಿತು.

ಕಫವನ್ನು ನೋಡುವುದೇನೂ ದುಸ್ಸಾಧ್ಯವಾದ ವಿದ್ಯೆಯಲ್ಲ. ರೋಗಿಯು ಬೆಳಗ್ಗೆ ಆಳದಿಂದ ಕೆಮ್ಮಿ ತೆಗೆದ ಕಫದ ಹಳದಿಯಾದ ಅಂಶವನ್ನು ಕಡ್ಡಿಯಿಂದ ಗಾಜಿನ ಪಟ್ಟಿಯ ಮೇಲೆ ಸವರಿ, ಒಣಗಿಸಿ, ಜ್ವಾಲೆಯ ಮೇಲೆ ಹಾಯಿಸಿ, ಕಾರ್ಬಾಲ್ ಫ್ಯೂಕ್ಸಿನ್ ಎಂಬ ಕೆಂಪು ಬಣ್ಣವನ್ನು ಸುರಿದು ಹಬೆಯೇಳುವವರೆಗೆ ಕಾಯಿಸುತ್ತಾರೆ. ಅನಂತರ ಆಮ್ಲದಿಂದ ತೊಳೆದರೆ ಮಿಕ್ಕೆಲ್ಲವೂ ಬಣ್ಣ ಬಿಡುತ್ತದೆ; ಮೇಣದಂತಹ ಕವಚವುಳ್ಳ ಕ್ಷಯದ ರೋಗಾಣು ಮಾತ್ರ ಬಿಡುವುದಿಲ್ಲ. ಮೇಲೆ ನೀಲಿಯನ್ನು ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ನೀಲಿಯ ನೆಲದಲ್ಲಿ ತುಸು ಬಾಗಿದ ಕೆಂಪು ಕಡ್ಡಿಗಳು ಅಲ್ಲೊಂದು ಇಲ್ಲೊಂದು ಕಾಣುತ್ತವೆ. ಒಂದು ಸೂಕ್ಷ್ಮದರ್ಶಕ ಮತ್ತು ತಾಳ್ಮೆಯುಳ್ಳ ಒಂದು ಜೊತೆ ಕಣ್ಣು, ಇಷ್ಟಿದ್ದರೆ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೇ ಕ್ಷಯವನ್ನು ಪತ್ತೆ ಹಚ್ಚಬಹುದೆಂಬುದನ್ನು ಸಂಸ್ಥೆಯವರು ಮುಂದಿನ ಅಧ್ಯಯನಗಳಲ್ಲಿ ತೋರಿಸಿದರು.

ಈ ಅರಿವಿನ ಮೇಲೆ, ನೆರೆಯ ಅನಂತಪುರ ಜಿಲ್ಲೆಯಲ್ಲಿ ಪ್ರಯೋಗ ನಡೆಸಿ, 1962ರಲ್ಲಿ ಜಿಲ್ಲಾ ಕ್ಷಯರೋಗ ಕಾರ್ಯಕ್ರಮವು ರೂಪುಗೊಂಡಿತು. ಜಿಲ್ಲಾ ಕೇಂದ್ರದಲ್ಲಿ ಒಂದು ಸಣ್ಣ ತಂಡ. ಅದರ ಮೇಲ್ವಿಚಾರಣೆಯಲ್ಲಿ ಪ್ರತಿಯೊಂದು ಸರ್ಕಾರಿ ಆಸ್ಪತ್ರೆಯೂ ತನ್ನ ನಿತ್ಯದ ಕೆಲಸದ ನಡುವೆಯೇ ಕೆಮ್ಮುವವರ ಕಫವನ್ನು ಪರೀಕ್ಷಿಸಿ ಮದ್ದು ಕೊಡತಕ್ಕದ್ದು. ಇದರ ರಚನೆಯಲ್ಲಿ ದುಡಿದ ಡೆನ್ಮಾರ್ಕಿನ ಹಾಲ್ಫ್‌ಡಾನ್ ಮಾಹ್ಲರ್ ಅವರು ಮುಂದೆ 1973ರಿಂದ 1988ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿದ್ದರು. 1978ರ ಆಲ್ಮಾ ಆಟಾ ಸಮ್ಮೇಳನದಲ್ಲಿ ಎಲ್ಲರಿಗೂ ಪ್ರಾಥಮಿಕ ಆರೋಗ್ಯವೆಂಬ ತತ್ತ್ವವನ್ನು ಅವರ ಕಾಲದಲ್ಲಿಯೇ ಸಾರಲಾಯಿತು. ದಕ್ಷಿಣ ಭಾರತದ ಹಳ್ಳಿಗಳ ಪಾಠ ಅದರ ಹಿಂದೆ ಇತ್ತೆಂದು ಊಹಿಸಿದರೆ ಅತಿಶಯೋಕ್ತಿಯಾಗಲಾರದು.

ಯೋಜನೆ ಉತ್ತಮವಾಗಿತ್ತು, ನಡೆಸಿದ ರೀತಿ ಹಾಗಿರಲಿಲ್ಲ. ಮದ್ದಿನ ಸರಬರಾಜು ತಪ್ಪುತ್ತಿತ್ತು. ವರ್ಷಕ್ಕೂ ಮೀರಿದ ಚಿಕಿತ್ಸೆಯನ್ನು ಕೆಮ್ಮು ನಿಂತೊಡನೆ ಬಹುಮಂದಿ ಬಿಟ್ಟುಬಿಡುತ್ತಿದ್ದರು. ಹಾಗೆ ಬಿಡುವುದರ ಅರ್ಥವೇನೆಂಬುದೂ ಬೆಂಗಳೂರಿನ ಸಂಸ್ಥೆಗೆ ಗೊತ್ತಿತ್ತು. ನೆಲಮಂಗಲ, ದೇವನಹಳ್ಳಿ, ಮಾಗಡಿ ತಾಲ್ಲೂಕುಗಳ 119 ಹಳ್ಳಿಗಳನ್ನು 1961ರಿಂದ 1968ರವರೆಗೆ ಅದು ಮತ್ತೆ ಮತ್ತೆ ಸಮೀಕ್ಷಿಸಿ, ಸಂಘಟಿತ ಚಿಕಿತ್ಸೆಯಿಲ್ಲದೆ ಐದು ವರ್ಷ ಕಳೆದರೆ ಕಫದಲ್ಲಿ ರೋಗಾಣುವಿರುವವರಲ್ಲಿ ಸುಮಾರು ಅರ್ಧ ಮಂದಿ ಸಾಯುತ್ತಾರೆ, ಮೂರರಲ್ಲೊಬ್ಬರು ತಾವಾಗಿಯೇ ಗುಣವಾಗುತ್ತಾರೆ, ಉಳಿದವರು ರೋಗವನ್ನು ಹರಡುತ್ತ ಬದುಕಿರುತ್ತಾರೆ ಎಂದು ಕಂಡುಕೊಂಡಿತು. ಮದ್ದನ್ನು ಕಣ್ಣೆದುರಿಗೇ ನುಂಗಿಸುವ ಕ್ರಮವನ್ನು ಮದರಾಸಿನವರು 1960ರ ದಶಕದಲ್ಲಿಯೇ ಪರೀಕ್ಷಿಸಿದ್ದರೂ, ಅದು ನಮ್ಮ ರಾಷ್ಟ್ರೀಯ ಕಾರ್ಯಕ್ರಮದ ಅಂಗವಾಗಲು 1990ರ ದಶಕವೇ ಬರಬೇಕಾಯಿತು.

ಇನ್ನೊಂದು ಮಾತು ಉಳಿದಿದೆ. ಅರೆಹೊಟ್ಟೆಯ ರೋಗಿಯೂ ಮದ್ದಿನಿಂದ ಗುಣವಾದನೆಂಬ ಮದರಾಸಿನ ಫಲಿತಾಂಶವನ್ನು ಓದಿದವರಲ್ಲಿ ಅನೇಕರು, ಕ್ಷಯಕ್ಕೂ ಹಸಿವಿಗೂ ಸಂಬಂಧವೇ ಇಲ್ಲವೆಂಬಂತೆ ನಡೆದುಕೊಂಡರು. ಮದರಾಸು ಹೇಳಿದ್ದು ಗುಣವಾಗುವುದನ್ನು ಕುರಿತು. ರೋಗ ಬಾರದಂತೆ ತಡೆಯುವುದು ಬೇರೆಯ ಪ್ರಶ್ನೆ. ಅದಕ್ಕೆ ಉತ್ತರ ದೊರೆತದ್ದು 2023ರಲ್ಲಿ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರ ನೇತೃತ್ವದಲ್ಲಿ, ಮದರಾಸಿನ ಅದೇ ಹಳೆಯ ಕೇಂದ್ರದಿಂದ ಬೆಳೆದ ಸಂಸ್ಥೆಯ ಸಹಯೋಗದಿಂದ, ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ನಡೆದ ಪ್ರಯೋಗದಲ್ಲಿ 2,800 ರೋಗಿಗಳ ಮನೆಗಳ 10,345 ಮಂದಿಯನ್ನು ಗಮನಿಸಲಾಯಿತು. ಎಲ್ಲ ಮನೆಗಳಲ್ಲಿಯೂ ರೋಗಿಗೆ ಆಹಾರ ದೊರೆಯುತ್ತಿತ್ತು. ಒಂದು ಪಂಗಡದಲ್ಲಿ ಮಾತ್ರ ಮನೆಯ ಮಿಕ್ಕವರಿಗೂ ತಿಂಗಳು ತಿಂಗಳೂ ಅಕ್ಕಿ ಬೇಳೆಗಳನ್ನು ಕೊಟ್ಟರು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದವರ ಪ್ರಮಾಣ ನೂರಕ್ಕೆ 39ರಷ್ಟು, ಪರೀಕ್ಷೆಯಲ್ಲಿ ರೋಗಾಣು ಕಂಡುಬಂದ ಶ್ವಾಸಕೋಶದ ಕ್ಷಯವಾದರೆ ನೂರಕ್ಕೆ 48ರಷ್ಟು ಕಡಮೆಯಾಯಿತು. ವಯಸ್ಕರೊಬ್ಬರಿಗೆ ತಿಂಗಳಿಗೆ ಕೊಟ್ಟದ್ದು 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ.

2018ರಿಂದ ನಮ್ಮ ಸರ್ಕಾರ ಚಿಕಿತ್ಸೆಯಲ್ಲಿರುವ ಕ್ಷಯರೋಗಿಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳ ಸಹಾಯಧನವನ್ನು ನೀಡುತ್ತಿದೆ. ಅದು ಸರಿಯಾದ ಹೆಜ್ಜೆ. ಮದ್ದನ್ನು ರೋಗಿಯ ಮನೆಯವರೆಗೆ ತಂದವರು, ಆತನೊಡನೆ ಒಂದೇ ಸೂರಿನಡಿಯಲ್ಲಿ ಉಣ್ಣುವ ಪ್ರತಿಯೊಬ್ಬರ ಪಾಲಿನ ಅಕ್ಕಿ ಬೇಳೆಯನ್ನೂ ತಪ್ಪದೆ ಆ ಮನೆಗೆ ಮುಟ್ಟಿಸಬೇಕು.