ಸೈಕಲ್ಲು, ನಾಯಿ ಮತ್ತು ಕಿಸೆಯೊಳಗಿನ ರಿವಾಲ್ವರ್

ಬಂಟ್ವಾಳದಿಂದ ಸಿದ್ಧಕಟ್ಟೆ ದಾರಿಯಾಗಿ ಮೂಡುಬಿದಿರೆ, ಅಲ್ಲಿಂದ ವೇಣೂರು, ಗುರುವಾಯನಕೆರೆ ಹಾದು ಬೆಳ್ತಂಗಡಿ. ಈ ರಸ್ತೆಗಳಲ್ಲಿ ಸೈಕಲ್ ತುಳಿದವರಿಗೆ ಒಂದು ವಿದ್ಯೆ ಗೊತ್ತಿರಲೇಬೇಕು. ನಾಯಿ ಬೊಗಳುತ್ತಾ ನುಗ್ಗಿ ಬಂದ ಕೂಡಲೇ ಎರಡೂ ಕಾಲು ಎತ್ತಿ ಹ್ಯಾಂಡಲ್ ಮೇಲಿಡುವುದು! ಇಳಿಜಾರಾದರೆ ಬಚಾವ್, ಏರು ರಸ್ತೆಯಾದರೆ ದೇವರೇ ಗತಿ. ನಾನೂ ಹಾಗೆ ಬಚಾವಾದವನೇ.

ಇದೇ ಕಷ್ಟಕ್ಕೆ ಫ್ರಾನ್ಸಿನವರು ಕಂಡುಕೊಂಡ ಉಪಾಯ ಓದಿದಾಗ ನಗು ಬಂತು. 1890ರ ದಶಕದಲ್ಲಿ ಪ್ಯಾರಿಸಿನ ಬಂದೂಕು ತಯಾರಕ ಗಾಲಾನ್ ಸೈಕಲ್ ಸವಾರರಿಗೆಂದೇ ಒಂದು ಪುಟ್ಟ ರಿವಾಲ್ವರ್ ತಂದ. ಹೆಸರು ‘ವೆಲೋ-ಡಾಗ್’. ವೆಲೋ ಅಂದರೆ ಫ್ರೆಂಚಿನಲ್ಲಿ ಸೈಕಲ್, ಡಾಗ್ ಅಂದರೆ ನಮಗೆ ಗೊತ್ತಿರುವ ಡಾಗೇ. ಬೇರೆಯವರೂ ಅದೇ ಹೆಸರಲ್ಲಿ ಮಾಡತೊಡಗಿದರು. ಕಿಸೆಯ ಬಟ್ಟೆಗೆ ಸಿಕ್ಕಿಕೊಳ್ಳದಿರಲಿ ಅಂತ ಹಲವು ಮಾದರಿಗಳಲ್ಲಿ ಟ್ರಿಗರ್ ಮಡಚಿಕೊಳ್ಳುತ್ತಿತ್ತು, ಸುತ್ತಿಗೆ ಒಳಗೇ ಅಡಗಿರುತ್ತಿತ್ತು. ಗುಂಡು 5.75 ಮಿ.ಮೀ. ಅಷ್ಟೇ. ನಾಯಿ ಕೊಲ್ಲಲು ಮನಸ್ಸಿಲ್ಲದವರಿಗೆ ಮೇಣದ ಗುಂಡು, ಮೆಣಸಿನ ಪುಡಿ ತುಂಬಿದ ಗುಂಡು ಕೂಡ ಇದ್ದವು!

ಆದರೆ ಇದರ ಹಿಂದಿನ ಹೆದರಿಕೆ ನಗುವಂಥದ್ದಲ್ಲ. ಹುಚ್ಚುನಾಯಿ ರೋಗ ಒಮ್ಮೆ ಕಾಣಿಸಿಕೊಂಡರೆ ಸಾವೇ, ಇವತ್ತಿಗೂ ಹೆಚ್ಚುಕಡಿಮೆ ಅಷ್ಟೇ. ಪ್ಯಾಶ್ಚರ್ ಮೊದಲ ಬಾರಿ ಒಬ್ಬ ಹುಡುಗನಿಗೆ ಲಸಿಕೆ ಕೊಟ್ಟದ್ದು 1885ರಲ್ಲಿ.

ನಮ್ಮೂರ ಕಡೆ ಕಥೆ ಬೇರೆ. 1878ರ ಶಸ್ತ್ರಾಸ್ತ್ರ ಕಾಯಿದೆ ಪ್ರಕಾರ ಲೈಸೆನ್ಸ್ ಇಲ್ಲದೆ ಆಯುಧ ಹಿಡಿದು ತಿರುಗುವಂತಿರಲಿಲ್ಲ. ಬಿಳಿಯರಿಗೆ ವಿನಾಯಿತಿ ಇತ್ತು. ಅಂದರೆ ದೊರೆ ಕಿಸೆಯಲ್ಲಿ ರಿವಾಲ್ವರ್ ಇಟ್ಟುಕೊಂಡು ಸೈಕಲ್ ತುಳಿಯಬಹುದಿತ್ತು, ನಮ್ಮವರಿಗೆ ಗಾಳಿ ಹೊಡೆಯುವ ಪಂಪೇ ಆಯುಧ! ತೋಟದ ಮನೆಗಳಲ್ಲಿ ಲೈಸೆನ್ಸಿನ ಕೋವಿ ಇದ್ದರೂ ಅದು ಹಂದಿ, ಮಂಗಗಳಿಗೆ. ಚುನಾವಣೆ ಬಂದರೆ ಅದನ್ನೂ ಠಾಣೆಗೆ ಒಪ್ಪಿಸಲು ಹೇಳುವುದುಂಟು.

ಸರಿ, ನಾಯಿ ಕಚ್ಚಿಯೇ ಬಿಟ್ಟರೆ? 1907ರಲ್ಲಿ ಕೂನೂರಿನಲ್ಲಿ ಪ್ಯಾಶ್ಚರ್ ಸಂಸ್ಥೆ ಶುರುವಾಯಿತು. ಅದೇ ವರ್ಷ ಮಂಗಳೂರಿಗೆ ರೈಲೂ ಬಂತು. ಬಂಟ್ವಾಳದಿಂದ ದೋಣಿಯಲ್ಲೋ ಎತ್ತಿನ ಗಾಡಿಯಲ್ಲೋ ಮಂಗಳೂರು, ಅಲ್ಲಿಂದ ರೈಲಲ್ಲಿ ಮೆಟ್ಟುಪಾಳ್ಯಂ, ಮತ್ತೆ ಬೆಟ್ಟದ ಪುಟ್ಟ ರೈಲು... ಕಾಲಿನ ಗಾಯಕ್ಕೆ ನೀಲಗಿರಿ ಹತ್ತಬೇಕು! ಆಮೇಲೆ ಲಸಿಕೆ ಊರಿನ ಆಸ್ಪತ್ರೆಗಳಿಗೂ ಬಂತು. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಅಂತ ನಮ್ಮನ್ನು ಹೆದರಿಸುತ್ತಿದ್ದರಲ್ಲ, ಅದೇ. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಲಸಿಕೆ 2004-05ರ ಹೊತ್ತಿಗೆ ನಿಂತಿತು. ಈಗ ತೋಳಿಗೆ ನಾಲ್ಕೈದು ಸಲ ಚುಚ್ಚಿಸಿಕೊಂಡರೆ ಆಯಿತು.

ವೆಲೋ-ಡಾಗ್ ಈಗ ಹಳೆ ಆಯುಧ ಸಂಗ್ರಹಿಸುವವರ ಪೆಟ್ಟಿಗೆ ಸೇರಿದೆ. ಕೊನೆಗೆ ಸೈಕಲ್ ಸವಾರನ ಜೀವ ಉಳಿಸಿದ್ದು ಗುಂಡಲ್ಲ, ಸೂಜಿ. ನಾಯಿಗಳಂತೂ ಸಿದ್ಧಕಟ್ಟೆ ರಸ್ತೆಯಲ್ಲಿ ಇನ್ನೂ ಇವೆ. ಕಚ್ಚಿದರೆ 15 ನಿಮಿಷ ಸಾಬೂನು ಹಾಕಿ ನೀರಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. “ಪಾಪ, ಪಕ್ಕದ ಮನೆಯ ನಾಯಿಯಲ್ವಾ” ಅಂತ ಸುಮ್ಮನಿರಬೇಡಿ, ಆಯ್ತಾ?